ನೆಗಡಿಗೆ ಮೂಗು ಕೊಯ್ಯುವವರು

“ಹಳೇ ಪ್ರೋಗ್ರಾಮು ಸಾರ್, ತೆಗೆದು ಬಿಸಾಕಿ. ಎಲ್ಲಾ ಹೊಸದಾಗಿ ಬರೆದುಕೊಡ್ತೀವಿ.”

ಈ ಮಾತು ರಾಜಾಜಿನಗರದ ಕೈಗಾರಿಕಾ ವಸಾಹತಿನಿಂದ ಕೆಂಗೇರಿಯವರೆಗೆ ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂದರೆ, ಅದಕ್ಕೆ ಎದುರಾಡಿದವನು ಎತ್ತಿನಗಾಡಿಯ ಕಾಲದವನೆಂದು ಕೂಡಲೇ ತೀರ್ಮಾನವಾಗಿಬಿಡುತ್ತದೆ. ಆಗಲಿ, ನಾನು ಎದುರಾಡುವವನೇ. ನಾನು ಪ್ರೋಗ್ರಾಮು ಬರೆಯುವವನಲ್ಲ. ಮೂವತ್ತು ವರ್ಷಗಳಿಂದ ಪಶ್ಚಿಮ ಬೆಂಗಳೂರಿನ ಸಣ್ಣ ಕಾರ್ಖಾನೆಗಳಲ್ಲಿ ಲೆಕ್ಕ ಬರೆಯುವವನು. ಸೋಮವಾರ ಒಂದು ಶೆಡ್ಡು, ಮಂಗಳವಾರ ಇನ್ನೊಂದು. ತಂತ್ರಾಂಶ ಮಾಡುವವರು ಹಣ ತೆಗೆದುಕೊಂಡು ಹೋದ ಮೇಲೆ ಅದರೊಂದಿಗೆ ಏಗುವವರ ಜಾತಿಗೆ ಸೇರಿದವನು. ಆ ಕಡೆಯಿಂದ ನೋಡಿದರೆ ಹೊಸದಾಗಿ ಬರೆಯುವುದೆಂಬ ಈ ಹುಚ್ಚು ಹೇಗೆ ಕಾಣುತ್ತದೆಂದು ಯಾರಾದರೂ ಒಬ್ಬರು ಹೇಳಬೇಕಾಗಿದೆ.

ಹೊರಗಿನವರಿಗೆ ಬೆಂಗಳೂರಿನ ಸಾಫ್ಟ್‌ವೇರ್ ಎಂದರೆ ಎಲೆಕ್ಟ್ರಾನಿಕ್ ಸಿಟಿಯ, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು. ನಮ್ಮ ಕಡೆಯ ಸಾಫ್ಟ್‌ವೇರೇ ಬೇರೆ. ಅದು ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಪೀಣ್ಯದ ಶೆಡ್ಡುಗಳಲ್ಲಿ ಲೇತಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ, ಎಣ್ಣೆಗೈಯ ಗುರುತು ಬಿದ್ದ ಕೀಬೋರ್ಡಿನ ಹಿಂದೆ ಇರುತ್ತದೆ. ತೊಂಬತ್ತರ ದಶಕದಲ್ಲಿ ಡಿಬೇಸ್, ಫಾಕ್ಸ್‌ಪ್ರೊ ಕಲಿತ ಹುಡುಗರು ಕೆಲವು ಸಾವಿರ ರೂಪಾಯಿಗೆ ಈ ಕಾರ್ಖಾನೆಗಳಿಗೆ ಬಿಲ್ಲು, ಸಂಬಳ, ಜಾಬ್ ವರ್ಕಿನ ಲೆಕ್ಕದ ಪ್ರೋಗ್ರಾಮುಗಳನ್ನು ಬರೆದುಕೊಟ್ಟರು. ಬರೆದವನು ಆಮೇಲೆ ಅಮೆರಿಕಕ್ಕೆ ಹೋದ, ಇಲ್ಲವೇ ಚಿಟ್ ಫಂಡಿಗೆ ಸೇರಿದ. ಪ್ರೋಗ್ರಾಮು ಉಳಿಯಿತು. 2005ರ ಏಪ್ರಿಲ್ 1ಕ್ಕೆ ವ್ಯಾಟ್ ಬಂದಾಗ ಯಾರೋ ಒಂದು ತೇಪೆ ಹಾಕಿದರು. ಬೋನಸ್ಸಿನ ಮಿತಿ ಬದಲಾದಾಗ ಇನ್ನೊಂದು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಮತ್ತೊಂದು. ನೀಲಿ ಪರದೆ, ಬಿಳಿ ಅಕ್ಷರ, ಮೌಸ್ ಇಲ್ಲ. ಎಂಜಿನಿಯರಿಂಗ್ ಓದಿ ಬಂದ ಯಜಮಾನರ ಮಗನಿಗೆ ಇದನ್ನು ನೋಡಿದರೆ ಸ್ನೇಹಿತರೆದುರು ತಲೆ ತಗ್ಗಿಸುವಂತಾಗುತ್ತದೆ. ಅಲ್ಲಿಂದಲೇ ಕತೆ ಶುರು.

ಆ ಕುರೂಪಿ ಪ್ರೋಗ್ರಾಮಿನ ಒಳಗೆ ಏನಿದೆ, ನೋಡೋಣ.

ಜಾಬ್ ವರ್ಕಿನ ಪರದೆಯಲ್ಲಿ “57ಎಫ್4” ಎಂಬ ಒಂದು ಅಂಕಣ ಇರುತ್ತದೆ. ಹೊಸ ಹುಡುಗನಿಗೆ ಅದೇನೆಂದು ಗೊತ್ತಿಲ್ಲ. ಅದು ಕೇಂದ್ರ ಎಕ್ಸೈಸಿನ ಹಳೆಯ ನಿಯಮದ ಸಂಖ್ಯೆ: ಕಚ್ಚಾ ಮಾಲನ್ನು ಬೇರೆ ಶೆಡ್ಡಿಗೆ ಕೆಲಸಕ್ಕೆ ಕಳಿಸುವಾಗ ಜೊತೆಗೆ ಹೋಗಬೇಕಾದ ಚಲನ್. ಆ ನಿಯಮ ಹೋಗಿ ಎಷ್ಟೋ ಕಾಲವಾಯಿತು. ಆದರೂ ಮಾಲು ಹೋಗುವುದು, ಬರುವುದು, ಗಡುವಿನೊಳಗೆ ಬಾರದಿದ್ದರೆ ತೆರಿಗೆ ಬೀಳುವುದು ಹೋಗಿಲ್ಲ. ಜಿಎಸ್‌ಟಿಯಲ್ಲಿ ಅದು ಸೆಕ್ಷನ್ 143 ಎಂಬ ಹೆಸರಿನಿಂದ, ಕಚ್ಚಾ ಮಾಲಿಗೆ ಒಂದು ವರ್ಷದ ಗಡುವಿನೊಂದಿಗೆ ಮುಂದುವರಿದಿದೆ. ಚಲನ್ನನ್ನು ಇನ್ನೂ “ಫಿಫ್ಟಿ ಸೆವೆನ್ ಎಫ್ ಫೋರ್” ಎಂದೇ ಕರೆಯುವ ಸ್ಟೋರ್ ಕೀಪರುಗಳು ಪೀಣ್ಯದಲ್ಲಿದ್ದಾರೆ. ಅಂಕಣದ ಹೆಸರು ಸತ್ತಿದೆ, ಕೆಲಸ ಬದುಕಿದೆ.

ಅದೇ ಪರದೆಯಲ್ಲಿ ಇನ್ನೊಂದು ವಿಚಿತ್ರ. ಕಳಿಸಿದ್ದಕ್ಕಿಂತ ಹೆಚ್ಚು ತೂಕದ ಮಾಲು ವಾಪಸು ಬಂದರೂ ಪ್ರೋಗ್ರಾಮು ಸುಮ್ಮನಿರುತ್ತದೆ. ಅದೂ ಎಲ್ಲ ಶೆಡ್ಡುಗಳಿಗಲ್ಲ, ಮೂರ್ನಾಲ್ಕು ಶೆಡ್ಡುಗಳಿಗೆ ಮಾತ್ರ. ಕಾಲೇಜಿನಿಂದ ಬಂದವನು ಇದನ್ನು ತಪ್ಪೆಂದು ಗುರುತು ಹಾಕಿಕೊಳ್ಳುತ್ತಾನೆ. ತಪ್ಪಲ್ಲ ಸ್ವಾಮಿ, ಆ ಶೆಡ್ಡುಗಳು ಸತುವಿನ ಪ್ಲೇಟಿಂಗ್ ಮಾಡುವವು. ಬೋಲ್ಟಿಗೆ ಸತು ಹತ್ತಿದರೆ ತೂಕ ಹೆಚ್ಚುತ್ತದೆ. ಲೇತಿಗೆ ಹೋದದ್ದು ಹಗುರವಾಗಿ ಬರುತ್ತದೆ, ಪ್ಲೇಟಿಂಗಿಗೆ ಹೋದದ್ದು ಭಾರವಾಗಿ ಬರುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ಬರೆದಿಟ್ಟಿರಲಿಲ್ಲ. ಆ ಪ್ರೋಗ್ರಾಮಿನಲ್ಲಿ ಬರೆದಿಟ್ಟಿತ್ತು.

ಈಗ ಸಂಬಳದ ಪಟ್ಟಿಗೆ ಬನ್ನಿ. ನಾನು ವಾರಕ್ಕೊಮ್ಮೆ ಹೋಗುತ್ತಿದ್ದ ಒಂದು ಕಾರ್ಖಾನೆಯಲ್ಲಿ, 2018ರಲ್ಲಿ, ಹಳೆಯ ಪ್ರೋಗ್ರಾಮನ್ನು ತೆಗೆದು ಹೊಸದನ್ನು ಹಾಕಿದರು. ಹಳೆಯದರಲ್ಲಿ ಇಎಸ್‌ಐ ಕಡಿತದ ಲೆಕ್ಕ ಹೀಗಿತ್ತು: ಕೆಲಸಗಾರನ ಸಂಬಳ ಮಿತಿಯೊಳಗಿದೆಯೇ ಎಂದು ಅದು ಏಪ್ರಿಲ್ ಮತ್ತು ಅಕ್ಟೋಬರ್ ಎರಡೇ ತಿಂಗಳಲ್ಲಿ ನೋಡುತ್ತಿತ್ತು. ಉಳಿದ ಹತ್ತು ತಿಂಗಳು ನೋಡುತ್ತಲೇ ಇರಲಿಲ್ಲ. ಮಿತಿ ನೋಡುವಾಗ ಓವರ್‌ಟೈಮನ್ನು ಬಿಡುತ್ತಿತ್ತು, ಕಡಿತ ಮಾಡುವಾಗ ಓವರ್‌ಟೈಮನ್ನು ಸೇರಿಸುತ್ತಿತ್ತು. ಪೈಸೆ ಬಂದರೆ ಅರ್ಧಕ್ಕಿಂತ ಕಡಿಮೆಯಿದ್ದರೂ ಮೇಲಿನ ರೂಪಾಯಿಗೇ ಏರಿಸುತ್ತಿತ್ತು. ಹೊಸದನ್ನು ಬರೆದ ಹುಡುಗರು ಜಾಣರು, ಸೌಮ್ಯರು, ಹಗಲು ರಾತ್ರಿ ದುಡಿದವರು. ಅವರು ಈ ಸಾಲುಗಳನ್ನು ನೋಡಿ ನಕ್ಕರು. “ಯಾರು ಸಾರ್ ಬರೆದಿದ್ದು? ಪ್ರತಿ ತಿಂಗಳೂ ಚೆಕ್ ಮಾಡಬೇಕಲ್ವಾ?” ಎಂದು ಪ್ರತಿ ತಿಂಗಳೂ ನೋಡುವಂತೆ ಬರೆದರು. ಪರದೆ ಬಹಳ ಚೆನ್ನಾಗಿತ್ತು.

ಆಗಿನ ಇಎಸ್‌ಐ ನಿಯಮವೇ ಹಾಗಿತ್ತು. ವಂತಿಗೆಯ ಅವಧಿ ಆರಾರು ತಿಂಗಳದು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಮಧ್ಯದಲ್ಲಿ ಸಂಬಳ 21,000 ರೂಪಾಯಿಯ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ವಂತಿಗೆ ಕಟ್ಟಲೇಬೇಕು. ಆ ಕಾರ್ಖಾನೆಯ ಒಬ್ಬ ಟರ್ನರ್‌ಗೆ ಜೂನ್‌ನಲ್ಲಿ ಸಂಬಳ ಏರಿ ಮಿತಿ ದಾಟಿತು. ಹೊಸ ಪ್ರೋಗ್ರಾಮು ಜೂನ್‌ನಿಂದಲೇ ಅವನ ಕಡಿತ ನಿಲ್ಲಿಸಿತು. ಕೈಗೆ ನಾಲ್ಕು ಕಾಸು ಹೆಚ್ಚು ಬಂದದ್ದಕ್ಕೆ ಅವನೂ ಕೇಳಲಿಲ್ಲ. ಅವನ ಹೆಸರಿನಲ್ಲಿ ಆ ಅವಧಿಗೆ ಬಿದ್ದದ್ದು ಏಪ್ರಿಲ್, ಮೇ ಎರಡೇ ತಿಂಗಳ ವಂತಿಗೆ, 61 ದಿನ. ಕಾಯಿಲೆ ಭತ್ಯೆಗೆ ಬೇಕಾದದ್ದು 78 ದಿನ. ಆ ವಂತಿಗೆಯ ಫಲ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಫೆಬ್ರವರಿಯಲ್ಲಿ ಅವನು ಕಾಮಾಲೆ ಹಿಡಿದು ಮಲಗಿ, ದಿನಗೂಲಿಯ ಶೇಕಡ 70ರ ಲೆಕ್ಕದಲ್ಲಿ ಬರಬೇಕಾದ ಭತ್ಯೆಗೆ ಹೋದಾಗ ಇಲ್ಲವೆಂದರು. ಕಾರ್ಖಾನೆ ಬಾಕಿಯನ್ನು ಬಡ್ಡಿ ಸಮೇತ ಕಟ್ಟಿ, ದಾಖಲೆ ತಿದ್ದಿಸಿ, ಆ ಹಣ ಅವನ ಕೈ ಸೇರುವಷ್ಟರಲ್ಲಿ ಅವನ ಹೆಂಡತಿಯ ಸರ ಗಿರವಿ ಅಂಗಡಿ ಸೇರಿತ್ತು.

ನೋಡಿ, ಯಾರೂ ಮೋಸ ಮಾಡಲಿಲ್ಲ, ಯಾರೂ ಸೋಮಾರಿಯಾಗಿರಲಿಲ್ಲ. ಅರ್ಥವಾಗದ ಸಾಲನ್ನು ಅರ್ಥವಿಲ್ಲದ ಸಾಲೆಂದು ತಿಳಿದರು, ಅಷ್ಟೇ. ಹಳೆಯ ತಂತ್ರಾಂಶದ ಒಂದೊಂದು ವಕ್ರ ಸಾಲಿನ ಹಿಂದೆಯೂ ಒಂದು ಜಗಳ, ಒಂದು ನೋಟೀಸು, ಒಂದು ದಂಡ, ಯಾರೋ ಒಬ್ಬ ಇನ್ಸ್‌ಪೆಕ್ಟರ್ ಕೂತು ಕಲಿಸಿಹೋದ ಪಾಠ ಇರುತ್ತದೆ. ಅದನ್ನು ಎಸೆದವನು ಆ ಪಾಠಗಳನ್ನೆಲ್ಲ ಮತ್ತೊಮ್ಮೆ ದುಡ್ಡು ಕೊಟ್ಟೇ ಕಲಿಯಬೇಕು. ಆ ದುಡ್ಡು ಕೊಡುವವನು ಬರೆದವನಲ್ಲ ಎಂಬುದೇ ನನ್ನ ತಕರಾರು.

ಆ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಜಾಬ್ ವರ್ಕಿನ ಲೆಕ್ಕ ನೋಡಿಕೊಂಡಿದ್ದ ಒಬ್ಬ ಹೆಣ್ಣುಮಗಳಿದ್ದರು. ಹಳೆಯ ಪರದೆಯ ಮೇಲೆ ಅವರ ಬೆರಳು ಕಣ್ಣು ಮುಚ್ಚಿ ಓಡುತ್ತಿತ್ತು. ಯಾವ ಶೆಡ್ಡಿನ ಚಲನ್ ಗಡುವು ಮೀರುತ್ತಿದೆಯೆಂದು ಪ್ರೋಗ್ರಾಮು ಹೇಳುವ ಮೊದಲೇ ಅವರು ಹೇಳುತ್ತಿದ್ದರು. ಹೊಸ ಪ್ರೋಗ್ರಾಮು ಬಂದ ದಿನ ಅವರು ಒಂದನೇ ಕ್ಲಾಸಿನ ಹುಡುಗಿಯಾದರು. ಹೊಸದನ್ನು ಮಾಡುವ ಮೊದಲು ಅವರನ್ನು ಯಾರಾದರೂ ಅರ್ಧ ದಿನ ಕೂರಿಸಿಕೊಂಡು ಕೇಳಿದರೇ? ಇಲ್ಲ. ಆರು ತಿಂಗಳಲ್ಲಿ ಅವರು ಬೇರೆ ಕಡೆ ಕೆಲಸ ನೋಡಿಕೊಂಡರು. ಕಾರ್ಖಾನೆಯ ಜ್ಞಾಪಕಶಕ್ತಿ ಎರಡು ಕಡೆ ಇತ್ತು: ಒಂದು ಆ ಫಾಕ್ಸ್‌ಪ್ರೊದಲ್ಲಿ, ಇನ್ನೊಂದು ಆ ಹೆಣ್ಣುಮಗಳಲ್ಲಿ. ಒಂದೇ ವರ್ಷದಲ್ಲಿ ಎರಡನ್ನೂ ಕಳೆದುಕೊಂಡು, ಅದಕ್ಕೆ ಆಧುನೀಕರಣ ಎಂದು ಹೆಸರಿಟ್ಟು, ಪೂಜೆ ಮಾಡಿ ಸಿಹಿ ಹಂಚಿದರು.

ಹಾಗಿದ್ದರೂ ಜನ ಯಾಕೆ ಹೊಸದಾಗಿ ಬರೆಯಲು ಹಾತೊರೆಯುತ್ತಾರೆ? ಕಾರಣ ಸರಳ. ಬೇರೆಯವರು ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟ, ತಾನೇ ಬರೆಯುವುದು ಸುಖ. ಓದಿದ್ದಕ್ಕೆ ಬಿಲ್ಲು ಹಾಕಲಾಗುವುದಿಲ್ಲ, ಬರೆದದ್ದಕ್ಕೆ ಹಾಕಬಹುದು. “ಹಳೆಯದನ್ನು ದುರಸ್ತಿ ಮಾಡಿದೆ” ಎಂದರೆ ಮುಂದಿನ ಕೆಲಸದ ಸಂದರ್ಶನದಲ್ಲಿ ಬೆಲೆಯಿಲ್ಲ. ಮಾರುವವನಿಗೆ ಲಾಭ, ಬರೆಯುವವನಿಗೆ ಹೆಸರು, ಯಜಮಾನರ ಮಗನಿಗೆ ಹೆಮ್ಮೆ. ಮೂವರಿಗೂ ಒಳ್ಳೆಯದಾಗುವ ಮಾತು ಊರಿಗೆಲ್ಲ ಒಳ್ಳೆಯದೆಂದು ಪ್ರಚಾರವಾಗುವುದು ಹೊಸದಲ್ಲ.

ಇದು ನಮ್ಮ ಶೆಡ್ಡುಗಳ ಸಣ್ಣ ಕತೆ ಮಾತ್ರವೆಂದು ತಿಳಿಯಬೇಡಿ. ನೆಟ್‌ಸ್ಕೇಪ್ ಎಂಬ ಅಮೆರಿಕದ ಕಂಪನಿ ಒಂದು ಕಾಲಕ್ಕೆ ಇಂಟರ್‌ನೆಟ್ ನೋಡುವವರ ಕಣ್ಣೇ ಆಗಿತ್ತು. 1997ರ ನಾಲ್ಕನೇ ಆವೃತ್ತಿಯ ನಂತರ ಎಲ್ಲವನ್ನೂ ಬುಡದಿಂದ ಬರೆಯಲು ಹೊರಟು, ಐದನೆಯದನ್ನು ಕೈಬಿಟ್ಟು, ಆರನೆಯದನ್ನು ತಂದದ್ದು 2000ದ ಕೊನೆಗೆ. ಅಷ್ಟರೊಳಗೆ ಮೈಕ್ರೋಸಾಫ್ಟ್ ಮಾರುಕಟ್ಟೆಯನ್ನು ಬಾಚಿಕೊಂಡಿತ್ತು, ನೆಟ್‌ಸ್ಕೇಪ್ ತಾನೇ ಮಾರಾಟವಾಗಿತ್ತು. ಆ ಬರವಣಿಗೆಯಿಂದಲೇ ಮುಂದೆ 2004ರಲ್ಲಿ ಫೈರ್‌ಫಾಕ್ಸ್ ಬಂತಲ್ಲ ಎನ್ನುವವರಿದ್ದಾರೆ. ಬಂತು, ಒಳ್ಳೆಯದೇ ಆಯಿತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ನಮ್ಮ ಸಣ್ಣ ಕಾರ್ಖಾನೆಯವರು ಯಾವುದನ್ನು ಬಯಸುತ್ತಾರೆ, ಅವರೇ ಹೇಳಲಿ.

ಇಂಗ್ಲೆಂಡಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಸುಮಾರು 50 ಲಕ್ಷ ಗ್ರಾಹಕರನ್ನು ಒಂದೇ ವಾರಾಂತ್ಯದಲ್ಲಿ ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಎತ್ತಿಹಾಕಿತು. ಲಕ್ಷಾಂತರ ಜನ ತಮ್ಮ ಖಾತೆಯ ಮುಖ ನೋಡಲಾಗದೆ ಒದ್ದಾಡಿದರು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕರು ಬ್ಯಾಂಕಿಗೆ ಹಾಕಿದ ದಂಡ 4.86 ಕೋಟಿ ಪೌಂಡಿಗೂ ಹೆಚ್ಚು. ಅಷ್ಟು ದೂರ ಯಾಕೆ? ನಮ್ಮ ಆದಾಯ ತೆರಿಗೆಯ ಹೊಸ ಜಾಲತಾಣ 2021ರ ಜೂನ್ 7ರಂದು ತೆರೆಯಿತು. ಹಿಂದಿನದನ್ನು ಅದಕ್ಕೆ ಒಂದು ವಾರ ಮುಂಚೆಯೇ ಮುಚ್ಚಿದ್ದರು. ಆಮೇಲಿನ ತಿಂಗಳುಗಳನ್ನು ನಮ್ಮ ಕಸುಬಿನವರು ಯಾರೂ ಮರೆಯುವಂತಿಲ್ಲ. ಅದನ್ನು ಕಟ್ಟಿದ ಇನ್ಫೋಸಿಸ್ಸಿನ ಮುಖ್ಯಸ್ಥರನ್ನು ಆಗಸ್ಟ್ 23ರಂದು ಹಣಕಾಸು ಸಚಿವಾಲಯ ಕರೆಸಿ ಕೇಳಬೇಕಾಯಿತು. ರಿಟರ್ನ್ ಸಲ್ಲಿಸುವ ಗಡುವು ಕೊನೆಗೆ ಡಿಸೆಂಬರ್ 31ಕ್ಕೆ ಹೋಯಿತು. ಆ ಜಾಲತಾಣ ಆಮೇಲೆ ಸರಿಹೋಯಿತು, ನಿಜ. ಆದರೆ ಸರಕಾರ ಗಡುವನ್ನು ಮುಂದೂಡಬಲ್ಲದು. ಕಾಮಾಕ್ಷಿಪಾಳ್ಯದ ಶೆಡ್ಡಿನವನು ಸಂಬಳದ ದಿನವನ್ನು ಮುಂದೂಡಬಲ್ಲನೇ?

ಎದುರು ಪಕ್ಷದವರ ಮಾತಿನಲ್ಲೂ ಹುರುಳಿದೆ. ಫಾಕ್ಸ್‌ಪ್ರೊವನ್ನು ಮೈಕ್ರೋಸಾಫ್ಟ್ 1992ರಲ್ಲಿ ಕೊಂಡಿತು; ಇನ್ನು ಹೊಸ ಆವೃತ್ತಿ ಇಲ್ಲವೆಂದು 2007ರಲ್ಲಿ ಹೇಳಿತು; 2015ರ ಜನವರಿಗೆ ಬೆಂಬಲವನ್ನೂ ನಿಲ್ಲಿಸಿತು. ಹಳೆಯ ಡಾಸ್ ಪ್ರೋಗ್ರಾಮುಗಳು ಇಂದಿನ 64 ಬಿಟ್ ವಿಂಡೋಸ್ ಮೇಲೆ ನೇರವಾಗಿ ನಡೆಯುವುದಿಲ್ಲ. ಪಾಸ್‌ವರ್ಡ್ ಎಂಬುದು ಹೆಸರಿಗೆ ಮಾತ್ರ. ಬರೆದವನು ಎಲ್ಲಿದ್ದಾನೋ ಗೊತ್ತಿಲ್ಲ. ಕಂಪ್ಯೂಟರಿನ ಡಿಸ್ಕು ಒಂದು ದಿನ ಕೈಕೊಟ್ಟರೆ ಕಾರ್ಖಾನೆಯ ಚರಿತ್ರೆಯೇ ಅಳಿಸಿಹೋಗುತ್ತದೆ. ಇವೆಲ್ಲ ನಿಜವಾದ ಕಾಯಿಲೆಗಳು. ಆದರೆ ನೆಗಡಿ ಬಂತೆಂದು ಮೂಗು ಕೊಯ್ಯಬೇಕೇ ಎಂಬುದು ನನ್ನ ಪ್ರಶ್ನೆ.

ಸುಂಕದಕಟ್ಟೆಯ ಇನ್ನೊಂದು ಕಾರ್ಖಾನೆ ಬೇರೆ ದಾರಿ ಹಿಡಿಯಿತು. ಜಿಎಸ್‌ಟಿ ಬರುವ ಮೊದಲೇ ಬಿಲ್ಲು ಮತ್ತು ಲೆಡ್ಜರನ್ನು ಟ್ಯಾಲಿಗೆ ಒಯ್ದರು, ಏಕೆಂದರೆ ಬಿಲ್ಲು ಎಲ್ಲರಿಗೂ ಒಂದೇ ಬಗೆಯದು, ಅದಕ್ಕೆ ಸ್ವಂತ ಪ್ರೋಗ್ರಾಮು ಬೇಕಿಲ್ಲ. ಜಾಬ್ ವರ್ಕು ಮತ್ತು ಸಂಬಳವನ್ನು ಮುಟ್ಟಲಿಲ್ಲ. ಡಾಸ್‌ಬಾಕ್ಸ್ ಎಂಬ ಪುಕ್ಕಟೆ ಸಾಧನ ಹಾಕಿ ಹೊಸ ಕಂಪ್ಯೂಟರಿನ ಮೇಲೆ ಹಳೆಯದನ್ನೇ ನಡೆಸಿದರು. ಪ್ರತಿ ಸಂಜೆ ಅದರ ಕಡತಗಳ ನಕಲು ಬೇರೆ ಡಿಸ್ಕಿಗೆ ಹೋಗುವಂತೆ ಮಾಡಿದರು. ಫಾಕ್ಸ್‌ಪ್ರೊದ ಡಿಬಿಎಫ್ ಕಡತವನ್ನು ಇಂದಿಗೂ ಹತ್ತಾರು ಸಾಧನಗಳು ಓದುತ್ತವೆ. ಅದರಿಂದ ಮಾಹಿತಿಯನ್ನು ಹೊರತೆಗೆದು ಬೇಕಾದ ವರದಿಗಳನ್ನು ಎಕ್ಸೆಲ್ಲಿನಲ್ಲಿ ಮಾಡಿಕೊಂಡರು. ಎರಡು ವರ್ಷದ ಮೇಲೆ ಸಂಬಳದ ಭಾಗವನ್ನು ಮಾತ್ರ ಹೊಸದಕ್ಕೆ ಒಯ್ದರು. ಅದನ್ನೂ ಮೂರು ತಿಂಗಳು ಎರಡರಲ್ಲೂ ನಡೆಸಿ, ಒಬ್ಬೊಬ್ಬ ಕೆಲಸಗಾರನ ಪಟ್ಟಿಯನ್ನೂ ರೂಪಾಯಿ ರೂಪಾಯಿಗೆ ತಾಳೆ ನೋಡಿದರು. ಮೊದಲ ತಿಂಗಳು ಹನ್ನೊಂದು ಹೆಸರು ತಾಳೆಯಾಗಲಿಲ್ಲ. ಆ ಹನ್ನೊಂದರಲ್ಲಿ ಮೇಲೆ ಹೇಳಿದ ಆರು ತಿಂಗಳ ನಿಯಮವೂ ಸಿಕ್ಕಿತು. ಕಾಗದದ ಮೇಲೆ ಸಿಕ್ಕಿತು, ಆಸ್ಪತ್ರೆಯ ಕಿಟಕಿಯಲ್ಲಲ್ಲ. ವ್ಯತ್ಯಾಸ ಇಷ್ಟೇ. ಇಷ್ಟೇ ಎಲ್ಲ.

ಟ್ಯಾಲಿಯ ಮಾತು ಬಂತು. ಅದೂ ಬೆಂಗಳೂರಿನದೇ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಎಂಬ ವ್ಯಾಪಾರಿ, ತಮ್ಮ ವ್ಯವಹಾರಕ್ಕೆ ಸರಿಯಾದ ಲೆಕ್ಕದ ಪ್ರೋಗ್ರಾಮು ಸಿಗದೆ ಮಗ ಭರತ್ ಗೋಯೆಂಕಾರ ಕೈಯಲ್ಲಿ ಬರೆಸಿದ್ದು. ಡಾಸ್‌ನಿಂದ ವಿಂಡೋಸಿಗೆ, ಮಾರಾಟ ತೆರಿಗೆಯಿಂದ ವ್ಯಾಟಿಗೆ, ವ್ಯಾಟಿನಿಂದ ಜಿಎಸ್‌ಟಿಗೆ ಅದು ಬೆಳೆದು ಬಂದಿದೆ. ಒಳಗೆ ಏನೇನು ಬದಲಿಸಿದರೋ ಅವರಿಗೇ ಗೊತ್ತು. ಆದರೆ ಸೇಲ್ಸ್‌ಗೆ ಎಫ್8, ಪರ್ಚೇಸ್‌ಗೆ ಎಫ್9 ಎಂದು ಹಿಂದೆ ಕಲಿತ ಬೆರಳಿಗೆ 2020ರ ಟ್ಯಾಲಿ ಪ್ರೈಮಿನಲ್ಲೂ ಅದೇ ಕೀಲಿ ಸಿಗುತ್ತದೆ, ಹಳೆಯ ಆವೃತ್ತಿಯ ಲೆಕ್ಕವನ್ನು ಹೊಸದಕ್ಕೆ ತಂದುಕೊಳ್ಳುವ ದಾರಿಯೂ ಸಿಗುತ್ತದೆ. ಬಳಸುವವನ ಅಭ್ಯಾಸವೂ ಒಂದು ಬಂಡವಾಳವೆಂದು ತಿಳಿದವರ ಕೆಲಸ ಇದು.

ಇನ್ನೊಂದು ನಿದರ್ಶನ ಸರಕಾರದ್ದೇ. ವ್ಯಾಟ್ ಕಾಲದಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಮಾಲು ಸಾಗಣೆಗೆಂದು ಇ-ಸುಗಮ ಎಂಬ ವ್ಯವಸ್ಥೆ ತಂದಿತು. ಲಾರಿ ಹೊರಡುವ ಮೊದಲು ವಿವರ ತುಂಬಿ ಒಂದು ಸಂಖ್ಯೆ ಪಡೆದರೆ ಆಯಿತು. ಪೀಣ್ಯದ ಲಾರಿ ಚಾಲಕರ ಬಾಯಲ್ಲಿ “ಸುಗಮ ಆಯ್ತಾ?” ಎಂಬುದು ಊಟ ಆಯ್ತಾ ಎಂಬಷ್ಟು ಸಹಜವಾಯಿತು. ಜಿಎಸ್‌ಟಿ ಬಂದಾಗ ದೇಶಕ್ಕೆಲ್ಲ ಇ-ವೇ ಬಿಲ್ ಬೇಕಾಯಿತು. ಎನ್‌ಐಸಿಯವರು ಈ ಅನುಭವವನ್ನೇ ಆಧಾರವಾಗಿಟ್ಟುಕೊಂಡು ಕಟ್ಟಿ, 2017ರ ಸೆಪ್ಟೆಂಬರ್‌ನಲ್ಲಿ ಮೊದಲು ಕರ್ನಾಟಕದಲ್ಲಿ ಮಾತ್ರ ನಡೆಸಿ ನೋಡಿದರು. 2018ರ ಫೆಬ್ರವರಿ 1ರಂದು ಇಡೀ ದೇಶಕ್ಕೆ ಒಮ್ಮೆಲೇ ತೆರೆದಾಗ ಅದು ಮೊದಲ ದಿನವೇ ಕುಸಿಯಿತು. ಆಗ ಮುಂದೂಡಿ, ಏಪ್ರಿಲ್ 1ರಿಂದ ರಾಜ್ಯಗಳ ನಡುವಿನ ಸಾಗಣೆಗೆ, ಆಮೇಲೆ ಕಂತುಕಂತಾಗಿ ರಾಜ್ಯಗಳ ಒಳಗಿನ ಸಾಗಣೆಗೆ ತಂದರು. ಏಪ್ರಿಲ್ 1ರಂದೇ ಒಳಸಾಗಣೆಗೂ ಸಿದ್ಧವಾಗಿದ್ದ ರಾಜ್ಯ ಕರ್ನಾಟಕ ಒಂದೇ. ಮೊದಲಿಂದ ಬೆಳೆಸಿಕೊಂಡು ಬಂದವನಿಗೆ ಅವಸರವೇ ಇರಲಿಲ್ಲ. ಈ ಬುದ್ಧಿ ಜಿಎಸ್‌ಟಿಯವರಿಗೆ ಮುಂದೆಯೂ ನೆನಪಿತ್ತು: ಇ-ಇನ್‌ವಾಯ್ಸನ್ನು 2020ರ ಅಕ್ಟೋಬರ್‌ನಲ್ಲಿ 500 ಕೋಟಿಗೂ ಹೆಚ್ಚಿನ ವಹಿವಾಟಿನವರಿಂದ ಶುರುಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, 2023ರ ಆಗಸ್ಟ್‌ಗೆ 5 ಕೋಟಿಗೆ ತಂದರು.

ಬೆಂಗಳೂರಿಗೆ ಈ ಪಾಠವನ್ನು ಬೇರೆಯವರು ಹೇಳಿಕೊಡಬೇಕಾಗಿ ಬಂದದ್ದೇ ವಿಪರ್ಯಾಸ. 1998-99ರಲ್ಲಿ ಅಮೆರಿಕದ ಬ್ಯಾಂಕುಗಳ, ವಿಮೆ ಕಂಪನಿಗಳ ಹಳೆಯ ಕೋಬಾಲ್ ಪ್ರೋಗ್ರಾಮುಗಳಲ್ಲಿ ಇಸವಿಗೆ ಎರಡೇ ಅಂಕಿ ಇದ್ದು, 2000ಕ್ಕೆ ಏನಾದೀತೋ ಎಂಬ ಭಯ ಹುಟ್ಟಿತ್ತಲ್ಲ, ಆಗ ಈ ಊರಿನ ಹುಡುಗರು ಮಾಡಿದ್ದೇನು? ತಾವು ಹುಟ್ಟುವ ಮೊದಲು ಯಾರೋ ಬರೆದ ಸಾಲುಗಳನ್ನು ತಾಳ್ಮೆಯಿಂದ ಓದಿ, ಬೇಕಾದಲ್ಲಿ ಮಾತ್ರ ತಿದ್ದಿದರು. ಹೊರದೇಶದ ಬಾಗಿಲುಗಳನ್ನು ನಮ್ಮ ಕಂಪನಿಗಳಿಗೆ ತೆರೆದ ಕೆಲಸಗಳಲ್ಲಿ ಅದೂ ಒಂದು. ಅಮೆರಿಕದವರ ಹಳೆಯ ಪ್ರೋಗ್ರಾಮನ್ನು ಅಷ್ಟು ಮರ್ಯಾದೆಯಿಂದ ಓದಿದ ಊರಿಗೆ ರಾಜಾಜಿನಗರದ ಪ್ರೋಗ್ರಾಮನ್ನು ಓದುವ ವ್ಯವಧಾನವಿಲ್ಲವೇ?

ಬುಡದಿಂದ ಬರೆಯಲೇಬೇಕಾದ ಸಂದರ್ಭಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಮೂಲ ಬರವಣಿಗೆಯೇ ಕಳೆದುಹೋಗಿದ್ದರೆ, ವ್ಯವಹಾರದ ಸ್ವರೂಪವೇ ಬದಲಾಗಿದ್ದರೆ, ಬರೆಯಿರಿ. ಆಗಲೂ ಒಂದೊಂದೇ ಕೋಣೆ ಕಟ್ಟಿ ಸಾಮಾನು ಸಾಗಿಸಿ. ಇರುವ ಮನೆಯನ್ನು ಕೆಡವಿ, ಮಳೆಗಾಲದಲ್ಲಿ ಹೆಂಡತಿ ಮಕ್ಕಳನ್ನು ಬೀದಿಯಲ್ಲಿ ನಿಲ್ಲಿಸಿ, ನಕ್ಷೆ ಬಿಡಿಸುತ್ತ ಕೂರಬೇಡಿ.

ವಿಜಯನಗರದಲ್ಲಿ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾದ ಕಚೇರಿಯಿದೆ; 1949ರಿಂದ ಇರುವ ಸಂಘ. ಇಂಥ ಸಂಘಗಳು ಇನ್ನೊಂದು ವಿಚಾರ ಸಂಕಿರಣ ಮಾಡುವ ಬದಲು, ಹಳೆಯ ಪ್ರೋಗ್ರಾಮುಗಳನ್ನು ಓದಬಲ್ಲ ನಾಲ್ಕು ಜನರನ್ನು ಕಲೆಹಾಕಿ, ಅವುಗಳೊಳಗಿನ ನಿಯಮಗಳನ್ನು ಕನ್ನಡದಲ್ಲಿ ಬರೆಸಿಡಲಿ. ಹತ್ತು ಕಾರ್ಖಾನೆಗಳದ್ದು ಬರೆಸಿದರೆ ಸಾಕು, ನೂರು ಕಾರ್ಖಾನೆಗಳಿಗೆ ಆಗುತ್ತದೆ.

ಅಲ್ಲಿಯವರೆಗೆ ಯಜಮಾನರಲ್ಲಿ ನನ್ನದೊಂದು ಬಿನ್ನಹ. ಹೊಸದಾಗಿ ಬರೆದುಕೊಡುತ್ತೇವೆಂದು ಯಾರಾದರೂ ಲ್ಯಾಪ್‌ಟಾಪ್ ಹಿಡಿದು ಬಂದರೆ ಕಾಫಿ ಕೊಟ್ಟು ಕೂರಿಸಿ, ಮೂರು ಪ್ರಶ್ನೆ ಕೇಳಿ. ನಮ್ಮ ಹಳೆಯದನ್ನು ಎಷ್ಟು ದಿನ ಕೂತು ಓದಿದ್ದೀರಿ? ಅದನ್ನು ದಿನಾ ನಡೆಸುವವರ ಜೊತೆ ಎಷ್ಟು ಹೊತ್ತು ಮಾತಾಡಿದ್ದೀರಿ? ಎರಡನ್ನೂ ಒಟ್ಟಿಗೆ ಎಷ್ಟು ತಿಂಗಳು ನಡೆಸಿ ತಾಳೆ ತೋರಿಸುತ್ತೀರಿ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಧಾರಾಳವಾಗಿ ಮುಂಗಡ ಕೊಡಿ. ಬಾರದಿದ್ದರೆ, ಕಾಫಿಯ ಖರ್ಚಿನಲ್ಲೇ ಮುಗಿಯಿತೆಂದು ಸಮಾಧಾನ ಪಟ್ಟುಕೊಂಡು ಕಳಿಸಿಕೊಡಿ.